ಯಾವ ಬೆಂಡು

ಸುನಂದಾ ಅತ್ತರಿನ ಸಣ್ಣ ಶೀಶೆಗಳನ್ನು ಒಂದೊಂದಾಗಿ ಎತ್ತಿ, ಹಳೆಯ ಧೋತರದ ಚೂರಿನಿಂದ ಒರೆಸಿ, ಮತ್ತೆ ಕಪಾಟಿನಲ್ಲಿ ಇಡುತ್ತಿದ್ದಳು. ಶೀಶೆಗೆ ಶೀಶೆ ತಾಗಿ ಸದ್ದಾಗದಂತೆ ನಡುವೆ ಬೆರಳು ಇಟ್ಟುಕೊಳ್ಳುತ್ತಿದ್ದಳು. ಪರದೆಯ ಆಚೆ ಅಂಗಡಿಯ ಒಡತಿ ಗುಲ್ಶನ್ ಬೇಗಂ ಕೂತಿದ್ದರು. ಅವರು ಸುನಂದಾಳ ಜೊತೆ ಮಾತು ಬಿಟ್ಟು ಇಂದಿಗೆ ನಾಲ್ಕು ದಿನ.

ಬೇಗಂ ಮಾತು ಬಿಡುವ ಹೆಂಗಸಲ್ಲ. ರಾಯಚೂರಿನ ಆ ಓಣಿಯಲ್ಲಿ ಗೋಡೆಯನ್ನೂ ಮಾತಾಡಿಸುವವರು ಎಂದೇ ಹೆಸರು. ಏಳನೆಯ ತರಗತಿಗೇ ಶಾಲೆ ಬಿಟ್ಟಿದ್ದ ಸುನಂದಾ, ಎಂಟು ತಿಂಗಳ ಹಿಂದೆ ತನ್ನೂರು ಮಲ್ಲಟದಿಂದ ಕೆಲಸಕ್ಕೆ ಬಂದು ತಲೆ ತಗ್ಗಿಸಿ ನಿಂತಾಗ, "ನಾಲಿಗಿ ತಂದೀಯೋ, ಮಾನ್ವಿ ಬಸ್ಸಿನಾಗ ಬಿಟ್ಟು ಬಂದೀಯೋ ಬೇಟಿ?" ಎಂದು ಕೇಳಿ ನಗಿಸಿದ್ದರು. ಅಂದಿನಿಂದ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಬ್ಬರದೇ ಸಂಸಾರ. ಅವರೊಬ್ಬರನ್ನು ಬಿಟ್ಟರೆ ಆ ಊರಿನಲ್ಲಿ ಅವಳನ್ನು 'ಉಂಡೀಯಾ?' ಎಂದು ಕೇಳುವವರಿರಲಿಲ್ಲ.

ಅಂಗಡಿಯಲ್ಲಿ ಮಾರದ ಶೀಶೆ ಒಂದಿತ್ತು. ಮಖಮಲ್ಲು ಹಾಸಿದ ಪೆಟ್ಟಿಗೆಯಲ್ಲಿ ಅದನ್ನು ಅಡ್ಡ ಮಲಗಿಸಿಟ್ಟಿದ್ದರು. ಅದರಲ್ಲಿದ್ದುದು ಮಣ್ಣಿನ ಅತ್ತರು. ಒಣನೆಲಕ್ಕೆ ಮೊದಲ ಮಳೆ ಬಿದ್ದಾಗ ಏಳುವ ವಾಸನೆ. ಬೇಗಂರ ಗಂಡ ಅದಕ್ಕೆ ಏನೇನು ಬೆರೆಸಿದ್ದರೋ ಹೇಳದೆಯೇ ಸತ್ತಿದ್ದರು. ಬೇಗಂ ಶುಕ್ರವಾರಕ್ಕೊಮ್ಮೆ ಮುಚ್ಚಳ ತೆಗೆದು, ಮೂಸಿ, ಮುಚ್ಚಿಡುತ್ತಿದ್ದರು. ಆ ಹೊತ್ತು ಮಾತ್ರ ಅವರೂ ಸುಮ್ಮನಿರುತ್ತಿದ್ದರು.

ಹೋದ ವಾರ ಅವರು ತಂಗಿಯ ಮಗಳ ಬಾಣಂತನಕ್ಕೆಂದು ದೇವದುರ್ಗಕ್ಕೆ ಹೋದರು. ಮರುದಿನ ಧೂಳು ಹೊಡೆಯಲು ಪೆಟ್ಟಿಗೆ ತೆರೆದ ಸುನಂದಾಳ ಕೈಯಲ್ಲಿ ಆ ಹಳೆಯ ಮುಚ್ಚಳ ಪುಡಿಪುಡಿಯಾಯಿತು. ಗಾಬರಿಯಾಗಿ ಫೋನು ಮಾಡಿದಳು. ಆಚೆ ಕೂಸು ಚೀರಾಡುತ್ತಿತ್ತು.

"ಅಮ್ಮಾ, ಮಣ್ಣಿನ ಅತ್ತರಿನ ಮುಚ್ಚಳ ಪುಡಿ ಆಗ್ಯಾದ್ರಿ. ಏನು ಮಾಡ್ಲಿ?"

"ಬೆಂಡು ಹಾಕು ಬೇಟಿ. ಬಿಗಿಯಾಗಿ ತುರುಕು. ಡಬ್ಬಿಯಾಗ ಅವ."

ಸುನಂದಾ ಹೂಗಾರರ ಮಗಳು. ಅವಳ ಮನೆಯಲ್ಲಿ ಬೆಂಡು ಎಂದರೆ ಒಂದೇ: ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗಕ್ಕೆ ಕೊಯ್ಯುವ, ಹತ್ತಿಯಂತೆ ಹಗುರಾದ ಬಿಳಿಯ ಬೆಂಡು. ಬಿಡುವಿನಲ್ಲಿ ಹೂ ಕೊರೆಯಲೆಂದು ಅದನ್ನು ತನ್ನ ಡಬ್ಬಿಯಲ್ಲಿ ತಂದಿಟ್ಟುಕೊಂಡಿದ್ದಳು. ಬೇಗಂ ಹೇಳಿದ್ದು ತಮ್ಮ ಡಬ್ಬಿಯಲ್ಲಿದ್ದ ಶೀಶೆಯ ಬೂಚು, ಅಂದರೆ ಬಿರಡೆ. ಅವರ ಅತ್ತೆಯ ಕಾಲದಿಂದ ಆ ಮನೆಯಲ್ಲಿ ಬೂಚಿಗೂ ಬೆಂಡು ಎಂದೇ ಹೆಸರು. ಇದು ಸುನಂದಾಳಿಗೆ ಗೊತ್ತಿರಲಿಲ್ಲ. ಉಳಿದ ಶೀಶೆಗಳಿಗೆಲ್ಲ ಪ್ಲಾಸ್ಟಿಕ್ಕಿನ ಮುಚ್ಚಳವಿದ್ದುದರಿಂದ ಆ ಮಾತು ಅವಳ ಕಿವಿಗೆ ಬಿದ್ದಿರಲೂ ಇಲ್ಲ. ಅವಳು ತನ್ನ ಬೆಂಡನ್ನು ನುಣ್ಣಗೆ ಕೊರೆದು, ಬಾಯಿಗೆ ಸರಿಯಾಗಿ ಕೂರಿಸಿ, ಶೀಶೆಯನ್ನು ಮೊದಲಿನಂತೆಯೇ ಮಲಗಿಸಿದಳು.

ಆಮೇಲಿನ ಐದು ದಿನ ಅಂಗಡಿ ಘಮಘಮಿಸಿತು. ಎದುರಿನ ಬಟ್ಟೆಯಂಗಡಿಯ ವಿರೂಪಣ್ಣ ಬಂದು ಇಣುಕಿದ. "ಏನ್ಬೇ, ಊರೆಲ್ಲ ಬಿಸಿಲಿಗೆ ಸಾಯಾಕತ್ತದ, ನಿಮ್ಮ ಅಂಗಡ್ಯಾಗಷ್ಟೇ ಮಳಿ ಆಗ್ಯಾದೇನು? ನನಗೂ ಒಂದು ಕೊಡ ತುಂಬಿಕೊಡು!" ಅಪರೂಪಕ್ಕೆ ನಗುವ ಸುನಂದಾ ನಕ್ಕಳು. ಆ ವಾಸನೆ ಎಲ್ಲಿಂದ ಬರುತ್ತಿದೆ ಎಂದು ಅವಳು ಕೇಳಿಕೊಳ್ಳಲೇ ಇಲ್ಲ. ಶೀಶೆಗಳನ್ನು ಚೆನ್ನಾಗಿ ಒರೆಸಿದ್ದಕ್ಕೇ ಹೀಗೆ ಎಂದುಕೊಂಡಳು.

ಬೇಗಂ ಬಂದವರು ಹೊಸ್ತಿಲಲ್ಲೇ ನಿಂತರು. ಮೂಗು ಅರಳಿತು, ಮುಖ ಇಳಿಯಿತು. ಪೆಟ್ಟಿಗೆ ತೆರೆದರೆ ಬೆಂಡು ಉಬ್ಬಿ ಕಂದಾಗಿತ್ತು, ಮಖಮಲ್ಲು ತೊಯ್ದಿತ್ತು, ಶೀಶೆ ಒಣಗಿತ್ತು. ಆ ಬೆಂಡನ್ನು ಮುಷ್ಟಿಯಲ್ಲಿ ಹಿಡಿದು ಪರದೆಯ ಆಚೆ ಹೋದವರು ಅಂದಿನಿಂದ ಬಾಯಿ ತೆರೆದಿಲ್ಲ. ಹೊತ್ತಿಗೆ ಸರಿಯಾಗಿ ಅವಳ ತಾಟಿಗೆ ರೊಟ್ಟಿ ಬೀಳುತ್ತದೆ, ಮಾತು ಬೀಳುವುದಿಲ್ಲ.

ನಿನ್ನೆ ಮಲ್ಲಿಗೆ ಅತ್ತರಿಗೆ ಬಂದ ಕಲ್ಲೂರಿನ ಲಲಿತಾ, ಕಾಲೇಜಿನಲ್ಲಿ ಗಿಡಮರಗಳ ಶಾಸ್ತ್ರ ಓದುವವಳು, ಸುನಂದಾಳ ಬಾಯಿಂದ ಎಲ್ಲ ಕೇಳಿ ಹಣೆ ಬಡಿದುಕೊಂಡಳು.

"ಅಯ್ಯ ನಮ್ಮವ್ವಾ! ಬೇಗಂ ಅಂದಿದ್ದು ಬೂಚು. ಅದು ಮರದ ತೊಗಟಿದು. ಮನಿ ಗೋಡಿಗೆ ಸುಣ್ಣ ಬಳದಂಗ ಅದರ ಕಣಕಣಕ್ಕೂ ಮೇಣದಂಥಾದ್ದು ಇರ್ತದ. ಸುಬೆರಿನ್ ಅಂತಾರ. ನೀರು ದಾಟಂಗಿಲ್ಲ, ಎಣ್ಣಿನೂ ದಾಟಂಗಿಲ್ಲ. ನಿಮ್ಮ ಬಾಸಿಂಗದ ಬೆಂಡಿನಾಗ ಅದೆಲ್ಲಿಂದ ಬರಬೇಕು? ಬರೇ ಗಾಳಿ. ಕೊಟ್ಟಷ್ಟೂ ಕುಡೀತದ."

"ಸುಬ್ಬರಿನ?"

"ಸುಬ್ಬಣ್ಣ ಅಲ್ಲಬೇ, ಸುಬೆರಿನ್!"

ರಾತ್ರಿಯೆಲ್ಲ ಸುನಂದಾ ಆ ಹೆಸರನ್ನು ಬಾಯಲ್ಲಿ ಹೊರಳಿಸಿದ್ದಳು. ಹೇಳಿಬಿಟ್ಟರೆ ಅಮ್ಮನಿಗೆ ತಿಳಿದೀತು, ತಾನು ಅಸಡ್ಡೆ ಮಾಡಲಿಲ್ಲ ಎಂದು ತಿಳಿದೀತು.

ಕೊನೆಯ ಶೀಶೆ ಇಟ್ಟು ಅವಳು ಪರದೆಯ ಹತ್ತಿರ ಹೋದಳು.

"ಅಮ್ಮಾ, ಬೆಂಡು ಎರಡು ಥರಾ ಅವ್ರಿ. ನಾನು ಒಂದೇ ಅನ್ಕೊಂಡಿದ್ದೆ. ನಿಮ್ಮ ಬೆಂಡಿನಾಗ ಸುಬೆರಿನ್ ಅಂತ ಮೇಣ ಇರ್ತದಂತ, ಹಂಗಾಗಿ ಏನೂ ಹೊರಗ ಬಿಡಂಗಿಲ್ಲಂತ. ನಮ್ಮ ಬೆಂಡಿನಾಗ ಅದು ಇಲ್ರಿ. ನನಗ ಗೊತ್ತಿದ್ದಿಲ್ರಿ."

ಹೇಳಿದ ಮೇಲೆ ಅದು ಎಷ್ಟು ಸಣ್ಣ ಮಾತೆಂದು ಅವಳಿಗೇ ಅನ್ನಿಸಿತು. ಆಚೆ ಮಂಚ ಕಿರುಗುಟ್ಟಿತು. ಅವಳು ಕಾದಳು. ಬೇಗಂ ಗೋಡೆಯ ಕಡೆ ಹೊರಳಿದ್ದರು, ಅಷ್ಟೇ. ಓಣಿಯಲ್ಲಿ ಯಾವುದೋ ಆಟೋ ಬಂದು, ನಿಂತು, ಹೋಯಿತು.

"ಅಮ್ಮಾ," ಎಂದಳು ಸುನಂದಾ, "ನನ್ನ ಬೈಯ್ರಿ."