ಹತ್ತು ಮೆಟ್ಟಿಲು ಕೆಳಗೆ

ಬೆಟ್ಟಕ್ಕೆ ಅಂಟಿಕೊಂಡಂತೆ ಒಂದು ಊರಿತ್ತು. ಊರಿಗೆ ಬೀದಿಗಳಿರಲಿಲ್ಲ, ಇದ್ದದ್ದು ಮೆಟ್ಟಿಲು ಮಾತ್ರ, ಒಟ್ಟು ಮುನ್ನೂರು. ಬುಡದಲ್ಲಿ ಉಗ್ರಾಣ, ಮೆಟ್ಟಿಲುಗಳ ಎರಡೂ ಬದಿಗೆ ಮನೆಗಳು. ಉಪ್ಪೋ ಹುರುಳಿಯೋ ಹಸಿಹುಲ್ಲೋ, ಯಾರಿಗೆ ಏನು ಬೇಕಾದರೂ ಉಗ್ರಾಣದಿಂದ ಬುಟ್ಟಿಯಲ್ಲಿ ಹೊತ್ತು ಮನೆಬಾಗಿಲಿಗೆ ಮುಟ್ಟಿಸುವುದು ಕತ್ತೆಗಳ ಕೆಲಸ. ಅವುಗಳಲ್ಲಿ ಹಿರಿಯವನು ಬೂದಣ್ಣ.

ಆಹಾ, ಎಂಥ ಕಾಲ ಅದು! ಹೊರೆ ತಂದವನು ಬೆಲ್ಲ ನೀರು ಮುಟ್ಟದೆ ಹೊರಡುವ ಪದ್ಧತಿಯೇ ಆ ಊರಿನಲ್ಲಿರಲಿಲ್ಲ. ಪ್ರತಿ ಬಾಗಿಲಿಗೂ ಒಂದು ಗಂಟೆ. ಸಾಮಾನು ಮುಟ್ಟಿತೆಂದು ಕೆಳಗೆ ಉಗ್ರಾಣಕ್ಕೆ ತಿಳಿಯಲಿ ಎಂದು ಅದನ್ನು ಬಾರಿಸಬೇಕು. ಆದರೆ ಬುಟ್ಟಿ ಇಳಿದ ಕೂಡಲೆ ಯಾರೂ ಬಾರಿಸುತ್ತಿರಲಿಲ್ಲ. ಹೊತ್ತು ತಂದವನ ಬಾಯಲ್ಲಿ ಬೆಲ್ಲ ಕರಗಬೇಕು, ಕೆಳಗಿನ ಮನೆಯ ಸುದ್ದಿ ಮೇಲಿನ ಮನೆಗೆ ದಾಟಬೇಕು, ಆಮೇಲೆ ಗಂಟೆ. ಇನ್ನೂರ ಎಂಬತ್ತನೆಯ ಮೆಟ್ಟಿಲಿನ ಮುದಿ ಆಡು ಹೊನ್ನವ್ವನ ಮನೆಯಲ್ಲಂತೂ ಬೂದಣ್ಣ ಕೂತರೆ ಕೂತ. ಮೊಲದ ಮನೆಯಲ್ಲಿ ಎಷ್ಟು ಮರಿ, ಕೋಳಿಯ ಕಾಲುನೋವು ಹೇಗಿದೆ, ಎಲ್ಲವನ್ನೂ ಒಪ್ಪಿಸಬೇಕಾಗಿತ್ತು.

ಹೀಗಿರುವಾಗ ಉಗ್ರಾಣಕ್ಕೆ ಹೊಸ ಪಾರುಪತ್ಯಗಾರನಾಗಿ ನರಿರಾಯ ಬಂದ. ಕೆಟ್ಟವನಲ್ಲ, ಅಷ್ಟು ಹೇಳಲೇಬೇಕು. ಕತ್ತೆಗಳನ್ನೂ ಬಹುವಚನದಲ್ಲೇ ಮಾತಾಡಿಸುತ್ತಿದ್ದ. ಬಂದವನೇ ಪ್ರತಿ ಕತ್ತೆಯ ಕೊರಳಿಗೂ ಒಂದು ಮರಳುಗಡಿಯಾರ ಕಟ್ಟಿದ, ಅದರ ಜೋಡಿಯನ್ನು ತನ್ನ ಮೇಜಿನ ಮೇಲಿಟ್ಟುಕೊಂಡ. ಮರಳು ಮುಗಿಯುವುದರೊಳಗೆ ಗಂಟೆ ಕೇಳಿದರೆ ಬಿಳಿ ಮಣಿ, ಮುಗಿದ ಮೇಲೆ ಕೇಳಿದರೆ ಕರಿ ಮಣಿ. ತಿಂಗಳಲ್ಲಿ ಮೂರು ಕರಿ ಮಣಿ ಬಿದ್ದರೆ ಕೊಟ್ಟಿಗೆಯಲ್ಲಿ ಜಾಗವಿಲ್ಲ.

ಮೊದಲ ವಾರದಲ್ಲೇ ಬೂದಣ್ಣನ ಕೊರಳಿಗೆ ಎರಡು ಕರಿ ಮಣಿ ಬಿದ್ದವು. ತನ್ನ ಮಂಡಿ ಸವೆದಿದೆ, ಮೇಲಿನ ಮೆಟ್ಟಿಲು ಕಡಿದು ಎಂದು ಅವನು ಹೇಳಿಕೊಂಡ. ನರಿರಾಯ ತಾಳ್ಮೆಯಿಂದ ಎಲ್ಲವನ್ನೂ ಕೇಳಿ, ಮಂಡಿಯನ್ನು ಅಳೆಯುವ ಸಾಧನ ಉಗ್ರಾಣದಲ್ಲಿಲ್ಲವಲ್ಲ ಎಂದು ನಿಜವಾಗಿಯೂ ನೊಂದುಕೊಂಡ.

ಮರುದಿನ ಬೂದಣ್ಣ ಬೆಲ್ಲ ಬೇಡವೆಂದಾಗ ಹೊನ್ನವ್ವ ಅವನ ಹತ್ತಿರ ಬಂದು ನೋಡಿದಳು. ಕೊರಳಿನ ಮಣಿ ನೋಡಿ ಅವಳಿಗೆ ಎಲ್ಲ ಅರ್ಥವಾಯಿತು. ಗಡಿಯಾರದಲ್ಲಿ ಚಿಟಿಕೆ ಮರಳು ಉಳಿದಿತ್ತು. ಓಡಿಹೋಗಿ ಗಂಟೆ ಬಾರಿಸಿದಳು. ಅವನು ಹೋದ ಮೇಲೆ ಅದನ್ನು ಬಾಗಿಲಿನಿಂದ ಬಿಚ್ಚಿ, ಹತ್ತು ಮೆಟ್ಟಿಲು ಕೆಳಗಿನ ಮರಕ್ಕೆ ಕಟ್ಟಿದಳು.

"ಅವ್ವಾ, ಇದೇನು? ಹೊರೆ ನಿನ್ನ ಮನೆ ಮುಟ್ಟಬೇಕಲ್ಲ?" ಎಂದ ಬೂದಣ್ಣ, ಮಾರನೆಯ ದಿನ.

"ಹತ್ತು ಮೆಟ್ಟಿಲು ತಾನೇ. ನಾನೇ ಇಳಿದು ಬಂದು ತಗೊಂಡು ಹೋಗ್ತೀನಿ. ನೀನು ಕೊಟ್ಟಿಗೇಲಿರು ಮಗಾ, ಸಾಕು."

ಒಳ್ಳೆಯತನ ಅಂಟುಜಾಡ್ಯದಂತೆ ಹಬ್ಬಿತು. ಮೊಲ ತನ್ನ ಗಂಟೆಯನ್ನು ಇಳಿಸಿತು, ಕೋಳಿ ಕುಂಟುತ್ತಲೇ ಇಳಿಸಿತು. ಎಲ್ಲರ ಹೊರೆಯೂ ಬೇಗ ಮುಟ್ಟತೊಡಗಿದಾಗ ನರಿರಾಯ ಸಂತೋಷಪಟ್ಟು, ಇನ್ನೂ ಚಿಕ್ಕ ಗಡಿಯಾರ ತರಿಸಿದ. ಗಂಟೆಗಳು ಮತ್ತೆ ಹತ್ತು ಮೆಟ್ಟಿಲು ಇಳಿದವು. ಅವನು ಮತ್ತೂ ಚಿಕ್ಕದು ತರಿಸಿದ. ವರ್ಷ ತುಂಬುವಾಗ ಊರಿನ ಗಂಟೆಗಳೆಲ್ಲ ಉಗ್ರಾಣದ ಬಾಗಿಲಿಗೇ ದ್ರಾಕ್ಷಿಗೊಂಚಲಿನಂತೆ ನೇತಾಡುತ್ತಿದ್ದವು. ಬೂದಣ್ಣನ ಕೊರಳ ತುಂಬ ಬಿಳಿ ಮಣಿ.

ಆಗ ನರಿರಾಯ ಅವನನ್ನು ಕರೆಸಿ, ಗೌರವದಿಂದಲೇ ಹೇಳಿದ: "ನಿಮ್ಮಂಥ ಕೆಲಸಗಾರರನ್ನು ನಾನು ಕಂಡಿಲ್ಲ, ಬೂದಣ್ಣನವರೇ. ಆದರೆ ಬಾಗಿಲಿನ ಒಳಗಿನಿಂದ ಹೊರಕ್ಕೆ ಇಡುವುದಕ್ಕೆ ಕತ್ತೆ ಯಾಕೆ?"

ಕೊಟ್ಟಿಗೆ ಖಾಲಿಯಾಯಿತು. ಊರಿನವರೇ ಹೊತ್ತೊಯ್ಯುತ್ತಿದ್ದರಲ್ಲ, ಅದು ಅವರಿಗೆ ಅಭ್ಯಾಸವಾಗಿತ್ತು. ಉಗ್ರಾಣಕ್ಕೆ ಉಳಿದ ಚಿಂತೆ ಒಂದೇ: ಖಾಲಿ ಬುಟ್ಟಿಗಳು ಹೊತ್ತಿಗೆ ಸರಿಯಾಗಿ ಹಿಂದಿರುಗುತ್ತಿರಲಿಲ್ಲ. ಮೊದಲು ಕಟ್ಟಿದ್ದ ದೊಡ್ಡ ಗಡಿಯಾರಗಳು ಹೇಗೂ ಬಿಡುವಾಗಿದ್ದವು. ನರಿರಾಯ ಅವುಗಳನ್ನು ಊರಿನವರ ಕೊರಳಿಗೆ ಕಟ್ಟಿದ. ಮೂರು ಕರಿ ಮಣಿ ಬಿದ್ದವರಿಗೆ ಒಂದು ತಿಂಗಳು ಸಾಮಾನಿಲ್ಲ.

ಬೂದಣ್ಣ ಎಲ್ಲಿಗೆ ಹೋದಾನು? ನೂರೈವತ್ತನೆಯ ಮೆಟ್ಟಿಲಿನಲ್ಲಿ, ಹತ್ತುವವರಿಗೆ ಬಾಯಾರುವ ಜಾಗದಲ್ಲಿ, ಒಂದು ಕೊಡ ನೀರು, ಒಂದು ಅಚ್ಚು ಬೆಲ್ಲ ಇಟ್ಟುಕೊಂಡು ಕುಳಿತ. ಇಷ್ಟು ವರ್ಷ ತಿಂದದ್ದನ್ನು ಹಿಂದಕ್ಕೆ ಕೊಡುವ ಖುಷಿ ಅವನಿಗೆ. ಹೊನ್ನವ್ವ ಏದುಸಿರು ಬಿಡುತ್ತ ಬಂದಳು. ಅವಳ ಕೊರಳಲ್ಲಿ ಎರಡು ಕರಿ ಮಣಿ.

"ಕೂತ್ಕೋ ಅವ್ವಾ. ಮೊಲದ ಮನೇಲಿ ಈಗ ಎಷ್ಟು ಮರಿ ಗೊತ್ತಾ?"

"ಆಸೆ ಏನೋ ಇದೆ ಮಗಾ," ಎಂದು ಹೊನ್ನವ್ವ ಕೊರಳು ಬಗ್ಗಿಸಿ ಮರಳು ನೋಡಿಕೊಂಡಳು. "ಇಲ್ಲಿ ಕೂತರೆ ನನ್ನ ಉಪ್ಪು ಹೋಗುತ್ತೆ."

ನಿಲ್ಲದೆ ಹತ್ತುತ್ತಿದ್ದ ಅವಳ ಬೆನ್ನಿಗೆ ಬೂದಣ್ಣ ಕೂಗಿ ಹೇಳಿದ: "ನಾಳೆಯಿಂದ ನಾನೇ ಹತ್ತು ಮೆಟ್ಟಿಲು ಕೆಳಗೆ ಕೂರ್ತೀನಿ. ಇನ್ನೂ ಮರಳಿರುವಾಗಲೇ ಸಿಗ್ತೀನಿ."

ಹಾಗೆಯೇ ಮಾಡಿದ. ಅಲ್ಲಿಯೂ ಯಾರೂ ನಿಲ್ಲಲಿಲ್ಲ. ಮತ್ತೆ ಹತ್ತು ಮೆಟ್ಟಿಲು ಇಳಿದ.

ಈಗ ಆ ಕೊಡ ಉಗ್ರಾಣದ ಬಾಗಿಲಲ್ಲೇ ಇದೆ, ಗಂಟೆಗಳ ಗೊಂಚಲಿನ ಕೆಳಗೆ. ಗಡಿಯಾರ ತಿರುಗಿಸುವ ಮುನ್ನ ಊರಿನವರು ಸಾಲಾಗಿ ನಿಂತು ಒಂದೊಂದು ಗುಟುಕು ನೀರು, ಒಂದೊಂದು ಚೂರು ಬೆಲ್ಲ ತೆಗೆದುಕೊಂಡು ಹೊರಡುತ್ತಾರೆ. ಮೆಟ್ಟಿಲಿನಲ್ಲಿ ಈಗ ಎಲ್ಲಿಯೂ ತಡವಾಗುವುದಿಲ್ಲವೆಂದು ನರಿರಾಯ ಬೂದಣ್ಣನಿಗೆ ಒಂದು ಬಿಳಿ ಮಣಿ ಕಳಿಸಿದ್ದಾನೆ.

ಬಾಯಾರಿಕೆ ಮಾತ್ರ ಇನ್ನೂ ನೂರೈವತ್ತನೆಯ ಮೆಟ್ಟಿಲಿನಲ್ಲೇ ಇದೆ.