ಒಳಗೆ ಬಿಟ್ಟ ಬಟ್ಟೆ

ಎಷ್ಟು ಎಳೆದರೂ ತೀರಿಕೊಂಡ ದರ್ಜಿಯ ಮೈಮೇಲೆ ಕೋಟಿನ ಗುಂಡಿ ಕಾಜಾವನ್ನು ಮುಟ್ಟಲಿಲ್ಲ. ನಡುವೆ ನಾಲ್ಕು ಬೆರಳಿನಷ್ಟು ಬಿಳಿ ಅಂಗಿ ಹಾಗೇ ಉಳಿಯಿತು.

"ಭಾವ ಒಂದ್ಸಲ ಹೊಟ್ಟೆ ಒಳಕ್ಕೆ ಎಳ್ಕೊಂಡಿದ್ರೆ ಆಗ್ತಿತ್ತು," ಎಂದ ದರ್ಜಿಯ ಹೆಂಡತಿಯ ತಮ್ಮ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅವಳು ಮಾತ್ರ ನಕ್ಕುಬಿಟ್ಟಳು.

"ಬೇರೆ ಕೋಟು ಹಾಕಿದ್ರಾಗಲ್ವಾ ಅಮ್ಮಾ?" ಎಂದಳು ಮಗಳು.

"ನಮ್ಮ ಮದುವೆಗೆ ತಾವೇ ಹೊಲ್ಕೊಂಡಿದ್ದು. ಇದರಲ್ಲೇ ಹೋಗ್ಲಿ."

"ಹಾಗಾದ್ರೆ ಬೆನ್ನ ಹಿಂದೆ ಸೀಳಿಬಿಡೋಣ ಅಕ್ಕಾ. ಮಲಗಿಸಿದ ಮೇಲೆ ಯಾರಿಗೆ ಕಾಣುತ್ತೆ?"

"ಕಾಣಲ್ಲ ಅಂತ ನಿಮ್ಮ ಭಾವ ಯಾವತ್ತಾದ್ರೂ ಬಟ್ಟೆ ಕೆಡಿಸಿದ್ರೇನೋ? ಬಿಚ್ಚಿ ಕೊಡು ಇಲ್ಲಿ. ನನ್ನ ಕನ್ನಡಕ ಎಲ್ಲಿ?"

ಪಾದ್ರಿಗಳು ಗಡಿಯಾರ ನೋಡಿದರು. "ಹೊರಡೋಕೆ ಇನ್ನು ಮುಕ್ಕಾಲು ಗಂಟೆ ಇದೆ ತಾಯಿ."

ಹೊಲಿಗೆಯೊಳಗೆ ಬಿಚ್ಚಿ ಅಗಲ ಮಾಡುವಷ್ಟು ಬಟ್ಟೆ ಇದ್ದರೆ ಅಷ್ಟು ಹೊತ್ತು ಸಾಕು. ಇರಲಾರದು ಎಂದು ಅವಳಿಗೆ ಗೊತ್ತಿತ್ತು.

*

ಆಗ ಅವರ ಮದುವೆಗೆ ಇನ್ನು ಹದಿನೈದು ದಿನವಿತ್ತು. ಅವಳು ಅವನ ಹೊಲಿಗೆ ಅಂಗಡಿಯಲ್ಲೇ ಕಾಜಾ ಹೊಲಿಯುತ್ತಿದ್ದಳು.

"ನೀವಿರೋದು ಕಡ್ಡಿ ಥರ. ಒಳಗೆ ಅಷ್ಟೊಂದು ಬಟ್ಟೆ ಯಾಕೆ ದಂಡ? ಕತ್ತರಿಸಿ. ನನಗೊಂದು ಪರ್ಸ್ ಆಗುತ್ತೆ."

"ಕರ್ತನು ಕೊಡೋ ಜೀವಕ್ಕೆ ಕೊನೆಯಿಲ್ಲ ಅಂತ ಭಾನುವಾರ ಗಂಟಲು ಹರ್ಕೊಂಡು ಹಾಡ್ತೀಯ. ಕೋಟಿಗೆ ಮಾತ್ರ ಎರಡು ಬೆರಳು ಬಿಡೋಕೆ ಬಿಡಲ್ಲ!" ಅವನು ಕತ್ತರಿ ಕೆಳಗಿಟ್ಟ. "ಜೀವ ಇದ್ಮೇಲೆ ಬೆಳೀತೀವಿ ಕಣೇ. ಕೊಟ್ಟೋನು ಮಿಕ್ಕೋವಷ್ಟು ಕೊಟ್ಟಿದ್ದಾನೆ. ನಾನ್ಯಾಕೆ ಬಿಗಿ ಹಿಡೀಲಿ?"

ಮದುವೆಯ ದಿನ ಕೋಟಿನಂಥದೇ ಕಡುನೀಲಿ ಬಟ್ಟೆಯ ಪುಟ್ಟ ಪರ್ಸ್ ಒಂದನ್ನು ಅವಳ ಕೈಗಿಟ್ಟ. ಗೆದ್ದೆ ಎಂದುಕೊಂಡಳು.

*

"ಪ್ರಾರ್ಥನೆ ಹೊತ್ತಲ್ಲಿ ಸಮೃದ್ಧ ಜೀವದ ಬಗ್ಗೆ ಮಾತಾಡೋಣ ಅಂತಿದ್ದೀನಿ," ಎಂದರು ಪಾದ್ರಿಗಳು.

ತಮ್ಮ ತಲೆ ಕೆರೆದುಕೊಂಡ. "ಒಂದು ಕಿಟಕಿ, ಒಂದು ಮಿಷನ್ನು. ಅದರಲ್ಲೇನು ಸಮೃದ್ಧಿ ಸ್ವಾಮಿ?"

ಅವಳು ಬ್ಲೇಡಿನಿಂದ ಲೈನಿಂಗ್ ಬಿಡಿಸುತ್ತಿದ್ದಳು. "ಸಂಜೆ ಮಿಷನ್ ಪಕ್ಕ ಕೂತು ಚಹಾ ಕುಡೀತಿದ್ವಿ. 'ಇನ್ನೇನು ಬೇಕೇ ನಿನಗೆ?' ಅಂತ ದಿನಾ ಕೇಳೋರು. ಕೇಳೋಣ ಅಂತ ಯೋಚಿಸ್ತಿದ್ದೆ ಕಣೋ. ಒಂದು ದಿನಾನೂ ಏನೂ ಹೊಳೀಲಿಲ್ಲ."

ಲೈನಿಂಗ್ ಸರಿಯಿತು. ಅವಳ ಕೈ ನಿಂತಿತು.

"ಏನಾಯ್ತಮ್ಮಾ?"

"ಕತ್ತರಿಸೇ ಇಲ್ಲ ಕಣೇ ನಿಮ್ಮಪ್ಪ." ಎರಡು ಬೆರಳಗಲದ ಬಟ್ಟೆ ಮಡಿಕೆ ಕೂಡ ಮಾಸದೆ ಹಾಗೇ ಇತ್ತು. "ನನ್ನ ಪರ್ಸಿಗೆ ಬೇರೆ ಬಟ್ಟೆ ತಂದಿದ್ದಾರೆ. ಮೂವತ್ತೆಂಟು ವರ್ಷ ಬಾಯಿ ಬಿಟ್ಟಿಲ್ಲ ನೋಡು, ಕಳ್ಳ!"

ಮಗಳು ಇಸ್ತ್ರಿ ಕಾಯಿಸಿದಳು. ತಮ್ಮ ಸೂಜಿಗೆ ದಾರ ಪೋಣಿಸಿ ಪೋಣಿಸಿ ಕೊಟ್ಟ. ಕೊನೆಗೆ ಮೂರು ಗುಂಡಿಗಳೂ ಸಲೀಸಾಗಿ ಕೂತವು.

ಅಂಗಡಿಯ ಕಿಟಕಿಯಲ್ಲಿ ಮಾದರಿಗೆಂದು ವರ್ಷಗಟ್ಟಲೆ ನೇತಾಡಿದ ಆ ಕೋಟು ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗಿತ್ತು. ತೆರೆದ ಶವಪೆಟ್ಟಿಗೆಯನ್ನು ಬಾಗಿಲಾಚೆ ತಂದು ಬೆಳಕಿನಲ್ಲಿ ಇಳಿಸಿದಾಗ ಎಲ್ಲರ ಕಣ್ಣೂ ಅಲ್ಲಿಗೇ ಹೋಯಿತು: ಎರಡೂ ಪಕ್ಕಗಳಲ್ಲಿ, ಕಂಕುಳಿನಿಂದ ಅಂಚಿನವರೆಗೆ, ಈಗಷ್ಟೇ ಥಾನಿನಿಂದ ಕತ್ತರಿಸಿ ತಂದಂತೆ, ಒಂದೊಂದು ಕಡುನೀಲಿ ಪಟ್ಟಿ.