ಎರಡು ಹೂವು, ಒಂದು ಅರ್ಜಿ ಫಾರಮ್ಮು

೧
ಎಲ್ಲಿಂದ ಶುರು ಮಾಡಲಿ? 'ಅದು ೧೯೯೮ರ ಜೂನ್ ತಿಂಗಳು' ಎಂದು ಬರೆದೆ. ಸರ್ಕಾರಿ ಸುತ್ತೋಲೆಯ ಹಾಗೆ ಕಂಡಿತು, ಹೊಡೆದು ಹಾಕಿದೆ. ಅರ್ಜಿ ಫಾರಮ್ಮಿನಿಂದಲೇ ಶುರು ಮಾಡೋಣ. ಅಂಚೆಯಲ್ಲಿ ಪಾಠ ಕಳಿಸುವ ವಿಶ್ವವಿದ್ಯಾಲಯದ ಫಾರಮ್ಮು. ಒಂದೇ ಕೋರ್ಸಿಗೆ ಗುರುತು ಹಾಕಬೇಕು. ಇವತ್ತಿನ ಟಪಾಲು ತಪ್ಪಿದರೆ ಗಡುವು ಮುಗಿಯಿತು.

೨
ಫಾರಮ್ಮು ಕಿಕ್ಕೇರಿಯ ಸರಸಮ್ಮನದು. ಮೂವತ್ತೆರಡು ವರ್ಷ. ಹತ್ತು ವರ್ಷದಿಂದ ಕೆ.ಆರ್. ಪೇಟೆಯ ಇನ್‌ಸ್ಟಿಟ್ಯೂಟಿನಲ್ಲಿ ಟೈಪಿಂಗ್ ಕಲಿಸುತ್ತಾಳೆ. ಹೋದ ತಿಂಗಳು ಅಲ್ಲಿಗೆ ಎರಡು ಕಂಪ್ಯೂಟರ್ ಬಂದವು. ಕಂಪ್ಯೂಟರ್ ಡಿಪ್ಲೊಮಾಕ್ಕೆ ಸೇರಿದವರಿಗೆ ಮಾತ್ರ ದಸರಾ ನಂತರ ಕೆಲಸ ಎಂದಿದ್ದಾನೆ ಮಾಲೀಕ. ಅವಳಿಗೆ ಬೇಕಾದದ್ದೋ, ಮದುವೆಗೆಂದು ಅರ್ಧಕ್ಕೆ ಬಿಟ್ಟ ಇತಿಹಾಸದ ಬಿ.ಎ. (ಇಲ್ಲಿ ಓದುಗರು ನಿಟ್ಟುಸಿರು ಬಿಡಬಹುದು. ಸರಸಮ್ಮ ಬಿಡಲಿಲ್ಲ.)

೩
ಅತ್ತೆ ಮಂಗಳಮ್ಮ ಹೇಳಿದಳು: "ಯಾಕವ್ವ ತಲೆ ಕೆಡುಸ್ಕಂಡೀಯೆ? ನಡಿ, ಅಮ್ಮನ್ನ ಕೇಳ್ಬುಡಾನ. ನಿನ್ನೂ ಎಮ್ಮೇನೂ ನಾನು ಅವ್ಳನ್ನ ಕೇಳೇ ತಂದಿದ್ದು."

ಊರಮ್ಮನ ಗುಡಿಯಲ್ಲಿ ಪೂಜಾರಿ ಮುದ್ದಯ್ಯ ದೇವಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿದ. ಬಲಗಡೆಯದು ಮೊದಲು ಬಿದ್ದರೆ ಕಂಪ್ಯೂಟರ್, ಎಡಗಡೆಯದು ಬಿದ್ದರೆ ಬಿ.ಎ. ದೇವಿಗೂ ಇಂಥ ಪ್ರಶ್ನೆ ಇದೇ ಮೊದಲು.

೪ (ಡ್ರಾಫ್ಟ್ ಒಂದು)
ಬಲಗಡೆ ಹೂ ಬಿತ್ತು. ಮಂಗಳಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. ಸರಸಮ್ಮ ಕತೆ ಬರೆಯುತ್ತಿದ್ದ ನನ್ನ ಕಡೆ ತಿರುಗಿದಳು.

"ಅಮ್ಮ ಬೀಳ್ಸುದ್ಲಾ, ನೀವು ಬೀಳ್ಸುದ್ರಾ?"

"ನಾನೇ. ಕೆಲಸ ಉಳಿಯಲಿ ಅಂತ."

"ಎತ್ತಿ ಅಂಟುಸಿ."

ಅಂಟಿಸಿದೆ.

೫ (ಡ್ರಾಫ್ಟ್ ಎರಡು. ಕೊಂಚ ಸಿನಿಮೀಯ)
ಎಡಗಡೆ ಹೂ. ಬಿ.ಎ. ಪಾಸು, ಕರಿ ಗೌನು, ಚಪ್ಪಾಳೆ.

"ನೀವು ಎಲ್ಡು ಸಾಲು ಬರುದ್ರೆ ಮುಗೀತು ಸಾ. ನಾನು ಮೂರು ವರ್ಸ ಓದ್ಬೇಕು, ಅದೂ ಕೆಲ್ಸ ಕಳ್ಕಂಡು."

ನಿಜವಾಗಿ ನಾಚಿಕೆಯಾಯಿತು. ಗೌನು ಬಿಚ್ಚಿಸಿದೆ.

೬
ಹೂವೆರಡೂ ಅಲುಗುತ್ತಿಲ್ಲ. ಟಪಾಲು ಚೀಲದ ಬಸ್ಸು ಮೂರಕ್ಕೆ. ಈಗ ಎರಡೂ ಮುಕ್ಕಾಲು. ಮುದ್ದಯ್ಯ ಆಕಳಿಸಿದ. ಸರಸಮ್ಮ ಎದ್ದು, ಫಾರಮ್ಮನ್ನು ಗುಡಿಯ ಕಂಬಕ್ಕೆ ಒತ್ತಿಟ್ಟುಕೊಂಡು ಗುರುತು ಹಾಕಿದಳು.

"ಹೂ ಬಿದ್ದಿಲ್ವಲ್ಲವ್ವ!" ಎಂದಳು ಮಂಗಳಮ್ಮ.

"ಇಷ್ಟೊತ್ತಾದ್ರೂ ಅಮ್ಮ ಸುಮ್ಕವ್ಳೆ ಅಂದ್ರೆ, ನನ್ಗೇ ಬುಟ್ಟವ್ಳೆ ಕಣತ್ತೆ."

ನಾನು ಬಗ್ಗಿ ನೋಡಿದೆ. ಅಂಗೈ ಅಡ್ಡ ಹಿಡಿದಳು.

"ಯಾವುದಕ್ಕೆ ಹಾಕಿದೆ ತಾಯಿ? ಓದುಗರು ಕೇಳುತ್ತಾರೆ."

"ಕಾಯ್ಲಿ ಸಾ. ನಾನು ಹತ್ತು ವರ್ಸ ಕಾದಿವ್ನಿ."

ಪ್ರಸಾದದ ಅನ್ನದ ಅಗುಳಲ್ಲೇ ಲಕೋಟೆ ಅಂಟಿಸಿ ಹೊರಟುಹೋದಳು.

೭
ಬಸ್ಸು ಹೋಯಿತು. (ಬರೆದವನಿಗೆ ಗೊತ್ತಿರಬೇಕಲ್ಲ ಎನ್ನುತ್ತೀರಿ. ಗೊತ್ತಿಲ್ಲ.) ನಾನೊಬ್ಬನೇ ಗುಡಿಯಲ್ಲಿ ಕೂತಿದ್ದೆ. ಮುದ್ದಯ್ಯ ಬಾಗಿಲು ಹಾಕುವ ಮುಂಚೆ ಎರಡೂ ಹೂವು ಕಿತ್ತು, ಒಂದನ್ನು ನನ್ನ ಕೈಗಿಟ್ಟ.

"ಇದು ಯಾವ ಕಡೆಯದು?"

"ಯಾವ್ದಾದ್ರೇನು ಸಾಮಿ, ಮಡಿಕ್ಕಳಿ" ಅಂದ.